ಬೀಗದ ಕೈ ಯಾರ ಹತ್ರ ಇದೆ ಸ್ವಾಮಿ?

ಭಾನುವಾರ ಬೆಳಗ್ಗೆ ಹತ್ತೂವರೆ. ಹಾಸನದಿಂದ ಹೊರಟು, ಶುಂಠಿ ಹೊಲಗಳ ನಡುವಿನ ಗುಂಡಿ ರಸ್ತೆಯಲ್ಲಿ ಕುಲುಕಾಡಿಕೊಂಡು ಬಂದು, ಒಂದು ಹೊಯ್ಸಳ ದೇವಸ್ಥಾನದ ಮುಂದೆ ನಿಂತಿದ್ದೇವೆ. ಕಂಬಿ ಬಾಗಿಲು. ಅದಕ್ಕೆ ಅಂಗೈ ಅಗಲದ ಬೀಗ. ಸುತ್ತ ಒಂದು ನರಪಿಳ್ಳೆ ಇಲ್ಲ.

ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಅಲ್ಲಿ ಕೆಲಸಕ್ಕಿರುವ ಒಬ್ಬನೇ ಒಬ್ಬ ಬಡಪಾಯಿಯ ಮೇಲೆ ಎಲ್ಲರೂ ಹರಿಹಾಯುತ್ತಾರೆ. ಹಾಸನ, ಚಿಕ್ಕಮಗಳೂರು ಕಡೆಯವರಾದರೆ ನಿಮ್ಮೂರಿನ ಹತ್ತಿರದ ದೇವಸ್ಥಾನವೇ ಅಂದುಕೊಳ್ಳಿ. ಬಹುಶಃ ತಪ್ಪಾಗಲ್ಲ.

ದಾವಣಗೆರೆಯಿಂದ ಸೋದರತ್ತೆ ಬಂದಿದ್ದರು. ಎಪ್ಪತ್ತೊಂದು ವಯಸ್ಸು, ಮಂಡಿ ನೋವು. ಜೊತೆಗೆ ಅವರ ಮಗನ ಮಗ, ಒಂಬತ್ತನೇ ಕ್ಲಾಸು. ಅತ್ತೆ ಬೇಲೂರು, ಹಳೇಬೀಡು ಮೂರು ಸಲ ನೋಡಿದವರು. "ಈ ಸಲ ಜನ ಇಲ್ಲದ ಕಡೆ ಕರ್ಕೊಂಡು ಹೋಗೋ" ಅಂದರು. ನನಗೂ ಜಂಬ. ರಾತ್ರಿ ಊಟದ ಹೊತ್ತಿನಲ್ಲಿ ದೊಡ್ಡ ಭಾಷಣವನ್ನೇ ಮಾಡಿದ್ದೆ. ಬೇಲೂರು 1117ರದ್ದು, ವಿಷ್ಣುವರ್ಧನ ಕಟ್ಟಿಸಿದ್ದು, ಎಲ್ಲರಿಗೂ ಗೊತ್ತು. ಆದರೆ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿ ಅದಕ್ಕೂ ಸ್ವಲ್ಪ ಹಳೆಯದು, ಕಟ್ಟಿಸಿದ್ದು ರಾಜ ಅಲ್ಲ, ಕುಲ್ಲಹಣ ರಾಹುತ ಅನ್ನೋ ವ್ಯಾಪಾರಿ ಮತ್ತು ಅವನ ಹೆಂಡತಿ ಸಹಜಾದೇವಿ. ಕೋರವಂಗಲದ ಬೂಚೇಶ್ವರ 1173ರದ್ದು, ಬೂಚಿ ಅನ್ನೋ ಅಧಿಕಾರಿ ಕಟ್ಟಿಸಿದ್ದು. ಅಮೃತಾಪುರದ್ದು 1196, ಅಲ್ಲಿಯ ಶಾಸನ ಬರೆದಿದ್ದು ಕವಿ ಜನ್ನ. ಇಂಥವು ನಮ್ಮ ಸುತ್ತ ಎಷ್ಟೊಂದಿವೆ ಅತ್ತೆ, ಯಾರೂ ನೋಡಲ್ಲ ಅಂತೆಲ್ಲ ಕೊಚ್ಚಿಕೊಂಡೆ.

ಯಾಕೆ ನೋಡಲ್ಲ ಅನ್ನೋದು ಬೆಳಗ್ಗೆ ಗೊತ್ತಾಯಿತು.

ಬಾಗಿಲ ಪಕ್ಕದಲ್ಲೇ ಆ ನೀಲಿ ಬೋರ್ಡು. ನೀವೂ ನೋಡಿರುತ್ತೀರಿ. ಈ ಸ್ಮಾರಕ ರಾಷ್ಟ್ರೀಯ ಮಹತ್ವದ್ದು, 1958ರ ಕಾಯ್ದೆಯ ಪ್ರಕಾರ ಇದಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಮೂರು ಭಾಷೆಯಲ್ಲಿದೆ. ಹುಡುಗ ಮೂರನ್ನೂ ಓದಿದ. ಆಮೇಲೆ ಕೇಳಿದ, "ಮಾವ, ಇದನ್ನ ಕಟ್ಟಿಸಿದ್ದು ಯಾರು ಅಂತ ಎಲ್ಲಿ ಬರೆದಿದ್ದಾರೆ?"

ಬರೆದಿಲ್ಲ ಕಣೋ. ಯಾವಾಗ ಕಟ್ಟಿದ್ದು ಅಂತಲೂ ಇಲ್ಲ. ಎಷ್ಟು ಹೊತ್ತಿಗೆ ಬಾಗಿಲು ತೆಗೆಯುತ್ತಾರೆ ಅಂತ ಇಲ್ಲ. ಬೀಗದ ಕೈ ಯಾರ ಹತ್ತಿರ ಇದೆ ಅಂತ ಇಲ್ಲ. ನಾವು ಕಳ್ಳರಾಗಿದ್ದರೆ ಏನಾಗುತ್ತೆ ಅನ್ನೋದು ಮಾತ್ರ ವಿವರವಾಗಿದೆ. ದೇವಸ್ಥಾನ ನೋಡೋಕೆ ಬಂದವರಾಗಿದ್ದರೆ ಏನು ಮಾಡಬೇಕು ಅನ್ನೋದಕ್ಕೆ ಒಂದು ಸಾಲೂ ಇಲ್ಲ.

ಊರೊಳಗೆ ಹೋದೆ. ಅರಳಿಕಟ್ಟೆ ಮೇಲೆ ಕೂತಿದ್ದ ಅಜ್ಜ, "ಕೈ ಪೂಜಾರ್ರ ಹತ್ರ ಐತೆ, ಅವ್ರು ಮದ್ವೆಗೆ ಹೋಗವ್ರೆ" ಅಂದರು. ಪೂಜಾರರ ಮನೆಯಲ್ಲಿ, "ನಮ್ಮ ಹತ್ರ ಗರ್ಭಗುಡಿದು ಮಾತ್ರ, ಹೊರಗಡೆದು ವಾಚ್‌ಮನ್ ಹತ್ರ" ಅಂದರು. ವಾಚ್‌ಮನ್ ಮನೆಗೂ ಬೀಗ. ಪಕ್ಕದ ಅಂಗಡಿಯಮ್ಮ ಹೇಳಿದರು, "ಪಂಪ್‌ಹೌಸ್ ಗೋಡೆ ಮೇಲೆ ಅವ್ನ ನಂಬರ್ ಬರ್ದದೆ ನೋಡಿ."

ಬರೆದಿತ್ತು. ಇದ್ದಿಲಲ್ಲಿ. ಹತ್ತು ಅಂಕಿಯಲ್ಲಿ ಒಂಬತ್ತು ಇದ್ದವು. ಏಳನೆಯದರ ಮೇಲೆ ನೀರು ಹರಿದು ಅಳಿಸಿ ಹೋಗಿತ್ತು.

ಹುಡುಗನಿಗೆ ಖುಷಿಯೋ ಖುಷಿ. "ಹತ್ತೇ ಸಾಧ್ಯತೆ ಮಾವ, ಎಲ್ಲಾ ಟ್ರೈ ಮಾಡೋಣ!" ಸೊನ್ನೆಯಿಂದ ಶುರು ಮಾಡಿದ. ಎರಡು ನಂಬರು ಚಾಲ್ತಿಯಲ್ಲೇ ಇರಲಿಲ್ಲ. ಮೂರಕ್ಕೆ ಒಬ್ಬರು ಎತ್ತಿದರು, ಹಿಂದೆ ವಾಲಗದ ಸದ್ದು. ವಾಚ್‌ಮನ್ನೂ ಪೂಜಾರರ ಜೊತೆ ಅದೇ ಮದುವೆಗೆ ಹೋಗಿರಬೇಕು ಅಂತ ಕುಣಿದಾಡಿಬಿಟ್ಟೆವು. ಅಲ್ಲ, ಅವರು ಎಲ್ಲೋ ಬಳ್ಳಾರಿಯವರು. ಐದಕ್ಕೆ ಬೈಸಿಕೊಂಡ. ಎಂಟಕ್ಕೆ ಪೂರ್ತಿ ರಿಂಗ್ ಆಯಿತು, ಯಾರೂ ಎತ್ತಲಿಲ್ಲ. ಒಂಬತ್ತು ಸ್ವಿಚ್ ಆಫ್.

ವಾಪಸ್ ಬಂದರೆ ಅತ್ತೆ ಕಂಬಿಗೆ ಕೆನ್ನೆ ಒತ್ತಿಕೊಂಡು ನಿಂತಿದ್ದಾರೆ. ಕೈಯಲ್ಲಿ ಮೊಬೈಲ್ ಟಾರ್ಚು. ಆ ಸಣ್ಣ ಬೆಳಕಿನಲ್ಲಿ ನವರಂಗದ, ಅಂದರೆ ಒಳಮಂಟಪದ, ಒಂದು ಕಂಬ ಕಾಣಿಸುತ್ತಿತ್ತು. ತಿರುಗಣೆ ಕಂಬ. ಬಳೆ ಜೋಡಿಸಿಟ್ಟ ಹಾಗೆ ಒಂದರ ಮೇಲೊಂದು ಸುತ್ತು, ಒಂದೊಂದು ಸುತ್ತಿನ ಅಂಚಿನಲ್ಲೂ ಬೆಳಕು ನಿಲ್ಲುತ್ತಿತ್ತು. ಟಾರ್ಚ್ ಮೇಲೆತ್ತಿದರೆ ಭುವನೇಶ್ವರಿಯ, ಅಂದರೆ ಕೆತ್ತನೆಯ ಚಾವಣಿಯ, ಒಂದು ಮೂಲೆ ಮಾತ್ರ, ಕಮಲದ ನಾಲ್ಕು ಎಸಳು. ಉಳಿದಿದ್ದಕ್ಕೆ ಕಂಬಿ ಅಡ್ಡ. ಒಳಗಿಂದ ಬಾವಲಿ ವಾಸನೆ. "ಇಷ್ಟು ಕಂಡಿತಲ್ಲ ಬಿಡು" ಅಂದರು. ಅವರು ಬೈದಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಬೀಗ ಹಾಕಬಾರದು ಅಂತ ನಾನು ಹೇಳ್ತಿಲ್ಲ. ಹಾಕಲೇಬೇಕು. ದೊಡ್ಡಗದ್ದವಳ್ಳಿಯಲ್ಲಿ 2020ರಲ್ಲಿ ಕಾಳಿಯ ವಿಗ್ರಹ ಒಡೆದು ಬಿದ್ದಿದ್ದು ಇಡೀ ಜಿಲ್ಲೆಗೆ ನೆನಪಿದೆ. ಈ ಗುಡಿಗಳದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತೆ, ಆದರೂ ಒಂದು ಮೊಳೆ ಸಾಕು ಗೀಚೋಕೆ. ನಾವು ಹೋದ ಗುಡಿಯ ಹೊರಗೋಡೆಯಲ್ಲೇ ಆನೆಸಾಲಿನ ಒಂದು ಆನೆಯ ಹೊಟ್ಟೆ ಮೇಲೆ ಯಾರೋ ಹೃದಯ ಕೊರೆದು, ಬಾಣ ಬಿಟ್ಟು, ಎರಡು ಹೆಸರು ಬರೆದಿದ್ದಾರೆ. ಆ ಜೋಡಿ ಮದುವೆ ಆಗದೇ ಇರಲಿ ಅಂತ ಅತ್ತೆ ಅಲ್ಲೇ ಶಾಪ ಹಾಕಿದರು.

ವಾಚ್‌ಮನ್ ಮೇಲೂ ನನಗೆ ಕೋಪ ಇಲ್ಲ. ಒಬ್ಬ ಮನುಷ್ಯ. ಗುಡಿಸುವುದು ಅವನೇ, ಹುಲ್ಲು ಕೀಳುವುದು ಅವನೇ, ಕಾಯುವುದೂ ಅವನೇ. ಊಟಕ್ಕೆ, ಆಸ್ಪತ್ರೆಗೆ ಅವನೂ ಹೋಗಬೇಕಲ್ವಾ? ನನ್ನ ಸಿಟ್ಟು ಆ ಬೋರ್ಡು ಬರೆಸಿದವರ ಮೇಲೆ. ಅಷ್ಟು ದೊಡ್ಡ ತಗಡಿನಲ್ಲಿ "ಬೆಳಗ್ಗೆ ಇಷ್ಟಕ್ಕೆ ತೆಗೆಯುತ್ತೇವೆ, ಇಲ್ಲದಿದ್ದರೆ ಈ ನಂಬರಿಗೆ ಫೋನ್ ಮಾಡಿ" ಅಂತ ಒಂದು ಸಾಲು ಹಿಡಿಸಲಿಲ್ಲವೇ?

ಹಿತ್ತಲಿನಲ್ಲಿ ಒಂದು ಶಾಸನದ ಕಲ್ಲು ನಿಂತಿತ್ತು, ಅರ್ಧ ಲಂಟಾನ ಮುಚ್ಚಿತ್ತು. ಹುಡುಗ ಬೆರಳಾಡಿಸಿ ಎರಡು ಅಕ್ಷರ ಓದಿದ. ಪೂರ್ತಿ ಓದೋಕೆ ನನಗೂ ಬರಲ್ಲ, ಆದರೆ ಇಂಥ ಶಾಸನಗಳಲ್ಲಿ ಏನಿರುತ್ತೆ ಅಂತ ಗೊತ್ತು. ಯಾರು ಕಟ್ಟಿಸಿದರು, ಯಾವ ವರ್ಷ, ದೇವರ ಪೂಜೆಗೆ ಯಾವ ಗದ್ದೆ ಬಿಟ್ಟರು, ಆ ಗದ್ದೆಯ ಗಡಿ ಎಲ್ಲಿಂದ ಎಲ್ಲಿಗೆ, ನಂದಾದೀಪದ ಎಣ್ಣೆ ಯಾರ ಲೆಕ್ಕ. ಎಲ್ಲ ಬರೆದಾದ ಮೇಲೆ ಕೊನೆಗೆ ಬೆದರಿಕೆ. ಇದನ್ನು ಹಾಳು ಮಾಡಿದವನು ವಾರಣಾಸಿಯಲ್ಲಿ ಸಾವಿರ ಕವಿಲೆ ಹಸು ಕೊಂದ ಪಾಪಕ್ಕೆ ಹೋಗ್ತಾನೆ ಅಂತ. ಹೆದರಿಸುವುದರಲ್ಲಿ ಅವರೇನೂ ಕಡಿಮೆ ಇರಲಿಲ್ಲ. ಆದರೆ ವಿಷಯ ಹೇಳಿ ಹೆದರಿಸುತ್ತಿದ್ದರು. ನಮ್ಮವರು ಅದರಿಂದ ಕೊನೆಯ ಸಾಲು ಮಾತ್ರ ಕಾಪಿ ಹೊಡೆದಿದ್ದಾರೆ.

ಬೇಲೂರಿಗೆ ಹೋಗಿ ಮದನಿಕೆಗಳ ಪೀಠ ನೋಡಿ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ತಾವು ಕೆತ್ತಿದ್ದಕ್ಕೆ ಹೆಸರು, ಊರು, ಬಿರುದು ಸಮೇತ ಬರೆದಿಟ್ಟಿದ್ದಾರೆ. 900 ವರ್ಷ ಆದರೂ ಓದಬಹುದು. ಇಷ್ಟಾಗಿಯೂ ಕೆಲವರು ಪ್ರವಾಸಿಗರಿಗೆ "ಇದೆಲ್ಲ ಮೆಷಿನ್ನಲ್ಲಿ ಮಾಡಿದ್ದು, ಮನುಷ್ಯನ ಕೈಲಿ ಆಗೋದಲ್ಲ" ಅಂತ ಕಥೆ ಕಟ್ಟುತ್ತಾರೆ. ಅದಕ್ಕೆ ಬೇರೆಯೇ ಒಂದು ಅಳಲು ಬರೆಯಬೇಕು, ಇವತ್ತು ಬೇಡ.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೋ ಪಟ್ಟಿಗೆ ಸೇರಿದಾಗ ಎಲ್ಲರ ಸ್ಟೇಟಸ್‌ನಲ್ಲೂ ಅದೇ. ನಾನೂ ಹಾಕಿದ್ದೆ. ಆಮೇಲೆ ಎಲ್ಲರದ್ದೂ ಒಂದೇ ಉಪದೇಶ, ಬರೀ ಆ ಮೂರನ್ನೇ ಅಲ್ಲ, ಉಳಿದಿದ್ದನ್ನೂ ನೋಡಿ ಅಂತ. ನೋಡೋಕೆ ಬಂದಿದ್ದೇವೆ ಸ್ವಾಮಿ, ಬಾಗಿಲು ತೆಗೀರಿ! ನಮ್ಮ ಹಾಸನಾಂಬೆಯೇ ವಾಸಿ. ವರ್ಷಕ್ಕೊಂದು ಸಲವೇ ಬಾಗಿಲು ತೆಗೆಯುವುದು, ಆದರೆ ದೀಪಾವಳಿ ಹೊತ್ತಿಗೆ ಯಾವತ್ತಿಂದ ಯಾವತ್ತಿನವರೆಗೆ ಅಂತ ಮೊದಲೇ ಗೊತ್ತಾಗುತ್ತೆ.

ಇನ್ನೊಂದು ಸಣ್ಣದು. ಹೋದ ವರ್ಷ ಆಫೀಸಿಗೆ ರಜೆ ಹಾಕಿ ಒಂದು ಮ್ಯೂಸಿಯಂಗೆ ಹೋಗಿದ್ದೆ. ಶುಕ್ರವಾರ. ಶುಕ್ರವಾರ ಅದಕ್ಕೂ ರಜೆಯಂತೆ. ಹಾಗಂತ ಎಲ್ಲಿ ಬರೆದಿತ್ತು ಗೊತ್ತಾ? ಗೇಟು ದಾಟಿ, ಚಪ್ಪಲಿ ಬಿಟ್ಟು, ಬಿಸಿ ಕಲ್ಲಿನ ಮೇಲೆ ಕುಣಿದುಕೊಂಡು ಹೋದ ಮೇಲೆ ಸಿಗುವ ಬಾಗಿಲಿನ ಮೇಲೆ.

ಮಧ್ಯಾಹ್ನದವರೆಗೂ ಕಾದು, ಕಾರಲ್ಲೇ ಪುಳಿಯೋಗರೆ ಡಬ್ಬಿ ಬಿಚ್ಚಿ ತಿಂದು ವಾಪಸ್ ಬಂದೆವು.

ರಾತ್ರಿ ಏಳೂಕಾಲಿಗೆ ಫೋನು. "ಸಾರ್, ಮಿಸ್ ಕಾಲ್ ಇತ್ತು. ಮಗಿಗೆ ಜ್ವರ, ಆಸ್ಪತ್ರೆಗೆ ಹೋಗಿದ್ದೆ. ಗುಡಿ ನೋಡಕ್ಕೆ ಬಂದಿದ್ರಾ? ನಾಳೆ ಬೆಳಿಗ್ಗೆನೇ ಬನ್ನಿ ಸಾರ್, ಎಲ್ಲಾ ತೆಗ್ದು ತೋರಿಸ್ತೀನಿ." ಎಷ್ಟು ಚೆನ್ನಾಗಿ ಮಾತಾಡಿದ ಅಂದರೆ ನನ್ನ ಹತ್ತಿರ ಬೈಗುಳವೇ ಉಳಿಯಲಿಲ್ಲ. ಅತ್ತೆಗೆ ಮಾರನೇ ದಿನ ಬೆಳಗ್ಗೆ ಆರಕ್ಕೇ ದಾವಣಗೆರೆ ಬಸ್ಸು.

ಅಳಿಸಿ ಹೋದ ಅಂಕಿ 8. ಒಂದು ಚೂರು ಇದ್ದಿಲು ತಗೊಂಡು ಹೋಗಿ ನಾನೇ ತುಂಬಿಸಿ ಬರೋಣ ಅಂದುಕೊಂಡಿದ್ದೇನೆ. ಆದರೆ ಗೋಡೆ ಮೇಲೆ ಬರೆಯೋಣ ಅಂದರೆ ಆ ನೀಲಿ ಬೋರ್ಡಿನ ಜೈಲು, ದಂಡ ನೆನಪಾಗುತ್ತೆ.