ಮಾತ್ರೆ ಒಯ್ಯಲು ಬಂದ ಸೊಸೆಯನ್ನು ಕೇಳಿ

ಪ್ಯಾಲಿಯೇಟಿವ್ ಆರೈಕೆ, ಅಂದರೆ ಗಂಭೀರ ಕಾಯಿಲೆಯವರ ನೋವು-ಸಂಕಟ ತಗ್ಗಿಸುವ ಆರೈಕೆ, ಬೇಕಾದವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ಓಪಿಡಿ ಸಾಲಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಅವರು ಅಲ್ಲಿಗೆ ಬರುವುದನ್ನು ಬಿಟ್ಟು ಯಾವ ಕಾಲವಾಯಿತೋ. ಬರುವುದು ಮಗ, ಇಲ್ಲವೇ ಸೊಸೆ. ಕೈಯಲ್ಲಿ ಅತ್ತೆಯ ಬಿಪಿ-ಶುಗರ್ ಪುಸ್ತಕ. "ಅವ್ರಿಗೆ ಬರೋಕಾಗಲ್ಲ ಸಾರ್, ಮಾತ್ರೆ ಕೊಟ್ಬಿಡಿ." ಮೂವತ್ತು ದಿನದ ಮಾತ್ರೆ ಎಣಿಸಿ ಕೊಟ್ಟು, ಸಹಿ ಹಾಕಿಸಿಕೊಂಡು ಕಳಿಸುತ್ತೇವೆ. ಆ "ಬರೋಕಾಗಲ್ಲ" ಅನ್ನುವ ಮಾತನ್ನು ಯಾರೂ ಬರೆದುಕೊಳ್ಳುವುದಿಲ್ಲ. ನನ್ನ ಪ್ರಕಾರ ಹುಡುಕಾಟ ಶುರುವಾಗಬೇಕಾದದ್ದೇ ಅಲ್ಲಿಂದ.

ಬಿಪಿ, ಶುಗರ್‌ನಂಥ ಅಂಟದ ಕಾಯಿಲೆಗಳವರ ಹೆಸರಿರುವ ಎನ್‌ಸಿಡಿ ರಿಜಿಸ್ಟರ್ ತೆಗೆಯಿರಿ. ಸತತ ಮೂರು ತಿಂಗಳು ಬೇರೆಯವರೇ ಬಂದು ಮಾತ್ರೆ ಒಯ್ದ ಹೆಸರುಗಳಿಗೆ ಒಂದು ಸುತ್ತು ಹಾಕಿ. ಮುಂದಿನ ಸಲ ಬಂದವರನ್ನು ನಿಲ್ಲಿಸಿ ಕೇಳಿ: ಬಚ್ಚಲಿಗೆ ತಾವೇ ಎದ್ದು ಹೋಗ್ತಾರಾ? ಹಗಲಲ್ಲಿ ಅರ್ಧಕ್ಕಿಂತ ಹೆಚ್ಚು ಹೊತ್ತು ಮಲಗೇ ಇರ್ತಾರಾ? ಈ ಆರು ತಿಂಗಳಲ್ಲಿ ಎಷ್ಟು ಸಲ ಆಸ್ಪತ್ರೆಗೆ ಎತ್ಕೊಂಡು ಓಡಿದ್ರಿ? ಊಟ ಮೊದಲಿನಷ್ಟಿದೆಯಾ? ಎರಡು ನಿಮಿಷದ ಕೆಲಸ. ಎಡಿನ್‌ಬರದಲ್ಲಿ ರೂಪುಗೊಂಡ 'ಸ್ಪಿಕ್ಟ್' ಎಂಬ ಪಟ್ಟಿ ನೋಡುವುದೂ ಹೆಚ್ಚುಕಡಿಮೆ ಇವನ್ನೇ: ಪದೇ ಪದೇ ಆಸ್ಪತ್ರೆ ಸೇರುವುದು, ತೂಕ ಇಳಿಯುವುದು, ಇನ್ನೊಬ್ಬರ ಮೇಲೆ ಅವಲಂಬನೆ, ಚಿಕಿತ್ಸೆ ಕೊಟ್ಟರೂ ತಗ್ಗದ ತೊಂದರೆ, ನೋಡಿಕೊಳ್ಳುವವರು ಸೋತು ಹೋಗಿರುವುದು.

ಆಶಾ ಕಾರ್ಯಕರ್ತೆಗೆ "ಪ್ಯಾಲಿಯೇಟಿವ್ ಲಿಸ್ಟ್ ಕೊಡಿ" ಅಂದರೆ ಬರುವುದು ಕ್ಯಾನ್ಸರ್ ರೋಗಿಗಳ ಪಟ್ಟಿ. "ಹಾಸಿಗೆ ಹಿಡಿದವರ ಲಿಸ್ಟ್" ಅಂದರೆ ಲಕ್ವ ಹೊಡೆದವರದ್ದು. ಎರಡೂ ಅರ್ಧಂಬರ್ಧ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಈ ಆರೈಕೆ ಬೇಕಾದ ವಯಸ್ಕರಲ್ಲಿ ಕ್ಯಾನ್ಸರ್‌ನವರು ಶೇ. 34 ಮಾತ್ರ, ಹೃದಯ-ರಕ್ತನಾಳದ ಕಾಯಿಲೆಯವರು ಶೇ. 38.5. ಮೂವತ್ತು ವರ್ಷ ಸೌದೆ ಒಲೆ ಊದಿ ಶ್ವಾಸಕೋಶ ಕೆಡಿಸಿಕೊಂಡು, ಈಗ ಗೋಡೆಗೆ ದಿಂಬು ಒರಗಿಸಿ ಕೂತೇ ನಿದ್ದೆ ಮಾಡುವ ಹೆಂಗಸು ಯಾವ ಪಟ್ಟಿಯಲ್ಲೂ ಇಲ್ಲ. ಆಕೆ ನಡೆಯುತ್ತಾಳಲ್ಲ! ಡಯಾಲಿಸಿಸ್‌ಗೆ ವಾರಕ್ಕೆರಡು ಸಲ ಬಸ್ ಹತ್ತುವವರೂ ಇಲ್ಲ, ಸೆರೆಬ್ರಲ್ ಪಾಲ್ಸಿ ಇರುವ ಮಗುವೂ ಇಲ್ಲ.

ಇನ್ನೊಂದು ಜಾಗ, ಡಿಸ್ಚಾರ್ಜ್ ಚೀಟಿ. ಮನೆಯವರು ಪ್ಲಾಸ್ಟಿಕ್ ಕವರಿನಲ್ಲಿ ಎಲ್ಲವನ್ನೂ ಜೋಪಾನವಾಗಿ ಇಟ್ಟಿರುತ್ತಾರೆ, ಓದುವವರಿಲ್ಲ ಅಷ್ಟೇ. 'ಮೆಟಾಸ್ಟೇಸಿಸ್' (ಕ್ಯಾನ್ಸರ್ ಬೇರೆ ಕಡೆಗೂ ಹರಡಿದೆ), 'ಪ್ಯಾಲಿಯೇಟಿವ್ ಆರ್‌ಟಿ' (ತೊಂದರೆ ತಗ್ಗಿಸಲು ಕೊಡುವ ವಿಕಿರಣ), 'ಬೆಸ್ಟ್ ಸಪೋರ್ಟಿವ್ ಕೇರ್' (ಇನ್ನು ಆರೈಕೆಯಷ್ಟೇ), 'ಸಿಕೆಡಿ 5' (ಮೂತ್ರಪಿಂಡ ಕಾಯಿಲೆಯ ಕೊನೆಯ ಹಂತ), 'ಹೋಮ್ ಆಕ್ಸಿಜನ್', ಇವು ಕಂಡರೆ ಆ ವಾರವೇ ಮನೆಗೆ ಹೋಗಬೇಕು. ಎಲ್ಲಕ್ಕಿಂತ ಮುಖ್ಯ 'ಡಾಮಾ', ಅಂದರೆ ವೈದ್ಯರ ಸಲಹೆ ಮೀರಿ ಬಿಡಿಸಿಕೊಂಡು ಹೋದವರು. ಬಹಳ ಸಲ ಅದರ ಅರ್ಥ, ದುಡ್ಡು ಮುಗಿಯಿತು ಅಂತ. ಆಸ್ಪತ್ರೆ ಲೆಕ್ಕದಲ್ಲಿ ಅವರು ಹೋದವರು, ನಮ್ಮ ಲೆಕ್ಕಕ್ಕೆ ಇನ್ನೂ ಬಾರದವರು.

ಮನೆಗೆ ಹೋದಾಗ ಬಾಗಿಲಲ್ಲಿ ನಿಂತು ಮಾತಾಡಿಸಿ ಬಂದರೆ ಏನೂ ಕಾಣದು. ರೋಗಿಯನ್ನು ಒಂದು ಮಗ್ಗುಲಿಗೆ ಹೊರಳಿಸಿ ಸೊಂಟದ ಕೆಳಗಿನ ಮೂಳೆ, ಹಿಮ್ಮಡಿ ನೋಡಬೇಕು. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟರೂ ಕೆಂಪು ಹಾಗೇ ಉಳಿದರೆ ಹಾಸಿಗೆ ಹುಣ್ಣು ಶುರುವಾಗಿದೆ ಎಂದೇ ಲೆಕ್ಕ. ಕಪ್ಪು ಚರ್ಮದಲ್ಲಿ ಕೆಂಪು ಕಾಣುವುದಿಲ್ಲ. ಅಲ್ಲಿ ಬಿಸಿ, ಗಟ್ಟಿತನ ಮುಟ್ಟಿ ನೋಡಬೇಕು. ಬಾಯಿ ತೆರೆಸಿ ಟಾರ್ಚ್ ಬಿಡಿ, ಬಿಳಿ ಪೊರೆ ಇದ್ದರೆ "ಊಟ ಸೇರ್ತಿಲ್ಲ" ಅನ್ನುವುದಕ್ಕೆ ಕಾರಣ ಅದೇ ಇರಬಹುದು. ಹಾಸಿಗೆ ಮೇಲಿದ್ದವರನ್ನು ತೂಗಲಾಗುವುದಿಲ್ಲ. ಬಳೆ, ಉಂಗುರ ಸಡಿಲವಾಗಿದೆಯಾ, ರವಿಕೆಗೆ ಹೊಸದಾಗಿ ಹೊಲಿಗೆ ಹಾಕಿದ್ದಾರಾ ನೋಡಿ.

ನೋವನ್ನು "ಸೊನ್ನೆಯಿಂದ ಹತ್ತರಲ್ಲಿ ಎಷ್ಟು" ಎಂದು ಕೇಳಬೇಕು ಎನ್ನುತ್ತದೆ ತರಬೇತಿ. ಎಂಬತ್ತರ ಅಜ್ಜಿಗೆ ಅದು ಶಾಲೆಯ ಪರೀಕ್ಷೆ. "ಹದಿನಾರಾಣೆ ನೋವಿಗೆ ಈಗ ಎಷ್ಟಾಣೆ ಐತಜ್ಜಿ?" ಅಂದರೆ "ಹನ್ನೆರಡಾಣೆ" ಎಂದು ಥಟ್ಟನೆ ಬರುತ್ತದೆ. ಇನ್ನು ಹಲವರು ನೋವು ಎಂಬ ಪದವನ್ನೇ ಬಳಸುವುದಿಲ್ಲ. ಉರಿ, ಸೆಳೆತ, ಜೋಮು, ಸಂಕಟ ಎಂದು ಒಂದೊಂದನ್ನೇ ಹೆಸರು ಹಿಡಿದು ಕೇಳಬೇಕು. ಮೋಶನ್ ಎಷ್ಟು ದಿನಕ್ಕೊಮ್ಮೆ ಅನ್ನುವುದನ್ನಂತೂ ಬಿಡಬೇಡಿ, ಅದನ್ನು ಅವರಾಗಿ ಹೇಳುವುದೇ ಇಲ್ಲ.

ಪಟ್ಟಿಗೆ ಸೇರಿಸುವ ಮುಂಚೆ ಒಂದು ತಡೆ ಹಾಕಿಕೊಳ್ಳಿ. ಸೊರಗಿ ಕೆಮ್ಮುವವರಿಗೆ ಕಫ ಪರೀಕ್ಷೆ ಆಗಿದೆಯಾ? ಕ್ಷಯವನ್ನು ಪ್ಯಾಲಿಯೇಟಿವ್ ಎಂದು ಬರೆದುಕೊಂಡರೆ ಅದಕ್ಕಿಂತ ದೊಡ್ಡ ತಪ್ಪಿಲ್ಲ. ಮಂಕಾಗಿ ಮಲಗಿದ ಶುಗರ್ ರೋಗಿಗೆ ಗ್ಲುಕೋಮೀಟರ್ ಹಿಡಿಯಿರಿ. ಊಟ ನಿಂತಿದೆ, ಶುಗರ್ ಇಳಿಸುವ ಗ್ಲಿಮಿಪಿರೈಡ್ ಮಾತ್ರ ತಪ್ಪದೆ ನುಂಗಿಸುತ್ತಿದ್ದಾರೆ, ಶುಗರ್ ಐವತ್ತಕ್ಕೆ ಇಳಿದಿದೆ. ಆ ಮಾತ್ರೆ ಕೊಟ್ಟು ಕಳಿಸಿದವರು ನಾವೇ. ರಕ್ತಹೀನತೆ, ಥೈರಾಯ್ಡ್, ಖಿನ್ನತೆ ಇವೂ ಹೀಗೇ ವೇಷ ಹಾಕಿಕೊಂಡು ಬರುತ್ತವೆ.

"ಈ ರೋಗಿ ಇನ್ನೊಂದು ವರ್ಷದೊಳಗೆ ತೀರಿಕೊಂಡರೆ ನಿಮಗೆ ಆಶ್ಚರ್ಯವಾಗುತ್ತಾ?" ಎಂಬ ಹೆಸರಾಂತ ಪ್ರಶ್ನೆಯೊಂದಿದೆ. ಕ್ಯಾನ್ಸರ್‌ನಲ್ಲಿ ತಕ್ಕಮಟ್ಟಿಗೆ ಕೆಲಸ ಮಾಡುತ್ತದೆ; ಹೃದಯ, ಶ್ವಾಸಕೋಶದ ಕಾಯಿಲೆಗಳಲ್ಲಿ ಎಡವುತ್ತದೆ, ಏಕೆಂದರೆ ಅವು ಬಿದ್ದು ಎದ್ದು ಸಾಗುವ ಕಾಯಿಲೆಗಳು. ಎರಡು ನಿಮಿಷ ನೋಡುವ ವೈದ್ಯರಿಗಿಂತ, ತಿಂಗಳಿಗೊಮ್ಮೆ ಆ ಬೀದಿಗೆ ಹೋಗುವ ಆಶಾ ಇದಕ್ಕೆ ಚೆನ್ನಾಗಿ ಉತ್ತರಿಸಬಲ್ಲಳು ಅನ್ನುವುದು ನನ್ನ ಅನಿಸಿಕೆ. ಆದರೆ ಇದು ಸಿಬ್ಬಂದಿ ತಮ್ಮತಮ್ಮಲ್ಲಿ ಕೇಳಿಕೊಳ್ಳುವ ಪ್ರಶ್ನೆ. ಮನೆಯವರ ಕಿವಿಗೆ ಬಿತ್ತೋ, "ಡಾಕ್ಟ್ರು ಕೈಬಿಟ್ರು" ಎಂದು ಊರೆಲ್ಲ ಹಬ್ಬಿ ಮುಂದಿನ ಮನೆಯ ಬಾಗಿಲೂ ತೆರೆಯದು. ಅವರಿಗೆ ಹೇಳಬೇಕಾದದ್ದು ಇಷ್ಟೇ: ಈಗಿರುವ ಚಿಕಿತ್ಸೆ ಹಾಗೇ ಇರುತ್ತೆ, ಜೊತೆಗೆ ನಾವೂ ಬರ್ತೀವಿ.

ಗುರುತಿಸಿದ ಮೇಲೆ ಕೊಡಲು ಏನಾದರೂ ಇರಬೇಕಲ್ಲ. ಪ್ಯಾರಾಸಿಟಮಾಲ್, ಟ್ರಾಮಡಾಲ್‌ಗೆ ಬಗ್ಗದ ನೋವಿಗೆ ಮಾರ್ಫಿನ್ ಬೇಕು. ಮಾದಕ ವಸ್ತುಗಳ ಕಾಯ್ದೆಗೆ (ಎನ್‌ಡಿಪಿಎಸ್) 2014ರಲ್ಲಿ ಆದ ತಿದ್ದುಪಡಿಯ ನಂತರ ಮಾನ್ಯತೆ ಪಡೆದ ಆಸ್ಪತ್ರೆಗಳು ಅದನ್ನು ಇಟ್ಟುಕೊಳ್ಳುವುದು ಸುಲಭವಾಗಿದೆ. ಹತ್ತಿರದ್ದು ಯಾವುದೆಂದು ಮೊದಲೇ ತಿಳಿದಿಟ್ಟುಕೊಳ್ಳಿ. ಮಾರ್ಫಿನ್ ಬರೆದ ಚೀಟಿಯಲ್ಲೇ ಮಲ ಸಡಿಲಿಸುವ ಮಾತ್ರೆಯೂ ಇರಬೇಕು. ಇಲ್ಲದಿದ್ದರೆ ವಾರದಲ್ಲಿ ಹೊಟ್ಟೆ ಕಟ್ಟಿ, ರೋಗಿ ಒಳ್ಳೆಯ ಔಷಧವನ್ನೇ ಬಿಸಾಡುತ್ತಾನೆ.

ರಿಜಿಸ್ಟರಿನಲ್ಲಿ ಕಾಯಿಲೆಯ ಕಾಲಂ ಪಕ್ಕ ಇನ್ನೊಂದು ಗೆರೆ ಎಳೆಯಿರಿ: ರಾತ್ರಿ ಯಾರು ಎದ್ದಿರುತ್ತಾರೆ? ಮೂರು ತಿಂಗಳಿಗೊಮ್ಮೆ ಪಟ್ಟಿಯನ್ನು ಮತ್ತೆ ಕೂತು ನೋಡಿ. ಚೇತರಿಸಿಕೊಂಡವರ ಹೆಸರು ತೆಗೆಯಿರಿ, ಅದು ಆಗುತ್ತದೆ. ತೀರಿಕೊಂಡವರ ಹೆಸರನ್ನು ಮಾತ್ರ ಅಂದೇ ಹೊಡೆದು ಹಾಕಬೇಡಿ. ತಿಥಿ ಕಳೆದ ಮೇಲೆ ಒಮ್ಮೆ ಆ ಮನೆಗೆ ಹೋಗಿ, ಉಳಿದ ಮಾರ್ಫಿನ್ ಎಣಿಸಿ ವಾಪಸ್ ತಗೊಳ್ಳಿ, ಆ ಸೊಸೆಯ ಬಿಪಿಯನ್ನೂ ನೋಡಿ ಬನ್ನಿ.