ಮರ ಊರಿನವರು ಕೊಟ್ಟರು, ಕೆರೆ ಯಾರು ನೋಡ್ಕೋಬೇಕು?

ವನ್ಯಜೀವಿ ಉಳಿಸೋದು ಅರಣ್ಯ ಇಲಾಖೆ ಕೆಲಸ, ಪಂಚಾಯ್ತಿದು ಚರಂಡಿ, ಬೀದಿದೀಪ, ಕುಡಿಯೋ ನೀರು. ನಮ್ಮಲ್ಲಿ ತುಂಬಾ ಜನ ಹೀಗೇ ಅಂದುಕೊಂಡಿದ್ದಾರೆ. ಕೊಕ್ಕರೆ ಬೆಳ್ಳೂರಿನ ಹಕ್ಕಿಗಳ ವಿಷಯ ಗೊತ್ತಿದ್ದವರು ಹಾಗೆ ಹೇಳಲಾರರು.

ಮದ್ದೂರು ತಾಲ್ಲೂಕಿನ ಈ ಊರು ಕಾಡಲ್ಲ. ಮನೆ, ಹಿತ್ತಲು, ಕೊಟ್ಟಿಗೆ ಇರುವ ಮಾಮೂಲಿ ಹಳ್ಳಿ. ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳು ಗೂಡು ಕಟ್ಟೋದು ಜನರ ಮನೆ ಪಕ್ಕದ ಹುಣಸೆ, ಆಲ, ಅರಳಿ ಮರಗಳಲ್ಲಿ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತಲೇ ಊರಿನವರು ಇವನ್ನು ಕಾಣುತ್ತಾರೆ. ಕೇಳೋಕೆ ಚೆಂದ. ಆದರೆ ಮರಿಗಳಿರುವ ತಿಂಗಳಲ್ಲಿ ಆ ಮರದ ಕೆಳಗೆ ಹೋಗಿ ನಿಲ್ಲಿ. ಎಲೆ, ಕೊಂಬೆ, ಹೆಂಚು ಎಲ್ಲಾ ಹಿಕ್ಕೆ ಬಿದ್ದು ಬೆಳ್ಳಗಾಗಿರುತ್ತೆ. ಗೂಡಿನಿಂದ ಜಾರಿದ ಮೀನು ಅಂಗಳದಲ್ಲಿ ಕೊಳೆತು ನಾರುತ್ತೆ. ಹುಣಸೆ ಫಸಲು ಕೈಗೆ ಹತ್ತೋದು ಕಷ್ಟ. ಹಿಕ್ಕೆ ಒಳ್ಳೇ ಗೊಬ್ಬರ ಅನ್ನೋದು ನಿಜ, ಇಲಾಖೆ ಮರದ ಮಾಲೀಕರಿಗೆ ಒಂದಿಷ್ಟು ಪರಿಹಾರ ಕೊಡೋದೂ ನಿಜ. ಅದು ಸಾಲದು ಅನ್ನೋದು ಅವರ ಹಳೇ ದೂರು, ನ್ಯಾಯವಾದ ದೂರು. ಆದರೂ ಮರ ಕಡಿಯದೆ ಉಳಿಸಿಕೊಂಡರು. 2007ರಲ್ಲಿ ಸರ್ಕಾರ ಈ ಊರನ್ನು ಸಮುದಾಯ ಮೀಸಲು, ಅಂದರೆ ಜನರೇ ವನ್ಯಜೀವಿ ಕಾಯುವ ಜಾಗ, ಅಂತ ಘೋಷಿಸಿತು.

ಇಷ್ಟೆಲ್ಲಾ ಮಾಡಿದ ಊರಿನಲ್ಲೇ 2017ರ ಕೊನೆಯಿಂದ 2018ರ ಶುರುವಿನವರೆಗೆ ಹತ್ತಾರು ಹೆಜ್ಜಾರ್ಲೆಗಳು ಸತ್ತು ಬಿದ್ದವು. ಕೊಯ್ದು ನೋಡಿದರೆ ಹೊಟ್ಟೆಯಲ್ಲಿ ಜಂತುಹುಳು. ಹುಳು ಬಂದದ್ದು ಮೀನಿನಿಂದ, ಮೀನು ಬಂದದ್ದು ಸುತ್ತಮುತ್ತಲ ಕೊಳಕು ಕೆರೆಗಳಿಂದ ಅಂತ ತಜ್ಞರು ಹೇಳಿದರು. ಅಂದರೆ ಗೂಡಿರುವ ಊರಿನವರು ತಮ್ಮ ಪಾಲಿನದು ಮಾಡಿದ್ದರು. ಹಕ್ಕಿ ಊಟಕ್ಕೆ ಹೋದ ಕಡೆಯವರು ಮಾಡಿರಲಿಲ್ಲ. ಹೆಜ್ಜಾರ್ಲೆಗೆ ಪಂಚಾಯ್ತಿ ಗಡಿ ಗೊತ್ತಿಲ್ಲ. ಒಂದು ಪಟ್ಟಣದ ಪುರಸಭೆ ಶುದ್ಧ ಮಾಡದೆ ಬಿಟ್ಟ ಚರಂಡಿ ನೀರಿನ ಫಲವನ್ನು ಇನ್ನೊಂದು ಊರಿನ ಮರದ ಮೇಲಿರುವ ಮರಿ ಉಣ್ಣುತ್ತೆ. ನನಗೆ ಇದರಲ್ಲಿ ತಡೆಯಲಾರದ ಸಂಗತಿ ಇದೇ.

ಹಾಗಾದ್ರೆ ಪಂಚಾಯ್ತಿ ಕೈಲಿ ಏನಿದೆ? ಬೇಕಾದಷ್ಟಿದೆ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಮಾಡಲೇಬೇಕು. ಊರಿನ ಗಿಡ, ಮರ, ಹಕ್ಕಿ, ಮೀನುಗಳ ದಾಖಲಾತಿ ಬರೆಸಬೇಕು. ವರ್ಷಗಟ್ಟಲೆ ಯಾರೂ ಕ್ಯಾರೇ ಅನ್ನಲಿಲ್ಲ. 2020ರ ಜನವರಿ ಒಳಗೆ ಮುಗಿಸಿ, ಇಲ್ಲದಿದ್ದರೆ ರಾಜ್ಯಗಳು ತಿಂಗಳಿಗೆ 10 ಲಕ್ಷ ರೂಪಾಯಿ ಕಟ್ಟಬೇಕು ಅಂತ ಪರಿಸರದ ಕೇಸು ನೋಡುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹೇಳಿದ ಮೇಲೆ ಎಲ್ಲಾ ಕಡೆ ಗಡಿಬಿಡಿಯಲ್ಲಿ ಸಮಿತಿಗಳಾದವು. ಹೆಸರು ಬರೆದು, ಫೈಲು ಕಟ್ಟಿಟ್ಟರೆ ಕೆರೆಗೆ ಏನು ಬಂತು? ದಾಖಲಾತಿಯನ್ನು ಪೇಟೆಯಿಂದ ಬಂದವರು ಕಂಪ್ಯೂಟರಿನಲ್ಲಿ ಟೈಪ್ ಮಾಡಿದರೆ ಸಾಲದು. ಕುರಿ ಕಾಯುವವರು, ಬಲೆ ಬೀಸುವವರು, ಸೊಪ್ಪು ಆಯುವ ಅಜ್ಜಿಯರು ಕೂತು ಹೇಳಬೇಕು.

ಅಂಕಸಮುದ್ರ ನೋಡಿ. ಹಗರಿಬೊಮ್ಮನಹಳ್ಳಿ ಹತ್ತಿರದ ಕೆರೆ, ಒಳಗೆಲ್ಲಾ ಕರಿಜಾಲಿ ಮರ. ಅಭಿವೃದ್ಧಿ ಹೆಸರಲ್ಲಿ ಜೆಸಿಬಿ ಇಳಿಸಿ ಆ ಮರ ಕಿತ್ತು, ಸುತ್ತ ಕಾಂಕ್ರೀಟ್ ಹಾದಿ ಮಾಡಿದ್ದರೆ ಹಕ್ಕಿಗಳಿಗೆ ಗೂಡು ಕಟ್ಟೋಕೆ ಜಾಗವೇ ಇರುತ್ತಿರಲಿಲ್ಲ. 2024ರಲ್ಲಿ ಅದು ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ, ಆಯಿತು, ಗದಗ ಜಿಲ್ಲೆಯ ಮಾಗಡಿ ಕೆರೆಯ ಜೊತೆಗೇ.

ನಿಮ್ಮೂರಿಗೆ ಕೊಕ್ಕರೆ ಬರದಿರಬಹುದು. ಕೆರೆ ಇದ್ದೇ ಇರುತ್ತೆ ಅಲ್ವಾ? ಹೂಳು ತೆಗೆಯೋವಾಗ ಅಂಚಿನ ಆಳವಿಲ್ಲದ ನೀರಿನ ಜಾಗವನ್ನು ಹಾಗೇ ಬಿಡಿ, ಉದ್ದ ಕಾಲಿನ ಹಕ್ಕಿಗಳು ಮೇಯೋದು ಅಲ್ಲೇ. ಕೋಳಿ ಅಂಗಡಿ ತ್ಯಾಜ್ಯವನ್ನು ಏರಿ ಮೇಲೆ ಸುರಿಯೋದು ನಿಲ್ಲಿಸಿ, ನಾಯಿ ಹಿಂಡು ತಾನಾಗಿ ಕಡಿಮೆಯಾಗುತ್ತೆ. ನಾಯಿ ಕಡಿಮೆಯಾದರೆ ಅದನ್ನು ಹುಡುಕಿಕೊಂಡು ಚಿರತೆ ಊರ ಬಾಗಿಲಿಗೆ ಬರೋದೂ ಕಡಿಮೆ. ಗೂಡಿರುವ ಮರದ ಕೊಂಬೆ ಕಡಿಯೋದಿದ್ದರೆ ಮರಿ ಹಾರುವವರೆಗೆ ತಡೆಯಿರಿ. ಇದಕ್ಕೆ ಡೆಲ್ಲಿಯಿಂದ ಅನುದಾನ ಬರಬೇಕಾಗಿಲ್ಲ.

ಮುಂದಿನ ಗ್ರಾಮಸಭೆಗೆ ಸುಮ್ನೆ ಸಹಿ ಹಾಕೋಕೆ ಹೋಗಬೇಡಿ. ಸಮಿತಿಯಲ್ಲಿ ಯಾರ್ಯಾರಿದ್ದಾರೆ, ಕೊನೆಯ ಸಭೆ ಯಾವಾಗ ಆಯ್ತು, ಊರಿನ ಚರಂಡಿ ಕೆರೆಗೆ ಸೇರುವ ಜಾಗದಲ್ಲಿ ಏನು ವ್ಯವಸ್ಥೆ ಮಾಡಿದ್ದೀರಿ ಅಂತ ಎದ್ದು ನಿಂತು ಕೇಳಿ. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿಕೊಂಡೇ ಎದ್ದು ಬನ್ನಿ.