ಭಾರತಮಾತೆಯ ಬೀದಿಯಲ್ಲಿ ಚಿರತೆ

ನಿನ್ನೆ ಸಂಜೆ ಚಹಾ ಕುಡಿಯುತ್ತ ಕಟ್ಟೆಯ ಮೇಲೆ ಕುಳಿತಿದ್ದಾಗ ನಮ್ಮ ಓಣಿಯ ಹುಡುಗಿಯೊಬ್ಬಳು ಇಂಗ್ಲಿಷ್ ನೋಟ್‌ಬುಕ್ ಹಿಡಿದುಕೊಂಡು ಬಂದು, ಎಂದಿನಂತೆ ಮೆಟ್ಟಿಲ ಕೆಳಗೇ ನಿಂತು, "ಸರ, ಭಾರತಮಾತಾ ಚಿರತಿ ಮ್ಯಾಲ ಹಾಡ ಕಟ್ಟು ಅಂತ ಯಾಕ ಹೇಳ್ತಾಳ್ರೀ?" ಎಂದು ಕೇಳಿದಳು. ಪ್ರಶ್ನೆ ನನಗೆ ಅರ್ಥವಾಗಲಿಲ್ಲ. ನೋಟ್‌ಬುಕ್ ಇಸಿದುಕೊಂಡು ನೋಡಿದೆ. ನೋಡಿದ ಮೇಲೆ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಆ ಸಿಟ್ಟು ರಾತ್ರಿ ಊಟವಾದರೂ ಇಳಿಯದಿದ್ದುದರಿಂದ ಇದನ್ನು ಬರೆಯುತ್ತಿದ್ದೇನೆ.

ಹತ್ತನೆಯ ತರಗತಿಯ ಇಂಗ್ಲಿಷ್ ಪಠ್ಯದಲ್ಲಿ ವಿ.ಕೃ. ಗೋಕಾಕರ 'ದಿ ಸಾಂಗ್ ಆಫ್ ಇಂಡಿಯಾ' ಎಂಬ ಕವಿತೆ ಇರುವುದು ಮನೆಯಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳಿದ್ದವರಿಗೆಲ್ಲ ಗೊತ್ತು. ತಾಯೇ, ನಿನ್ನ ಬಗ್ಗೆ ಯಾವ ಹಾಡು ಹಾಡಲಿ ಎಂದು ಕವಿ ಕೇಳುತ್ತಾನೆ. ಹಿಮಾಲಯವನ್ನು ಹಾಡಲೇ, ಮೂರು ಕಡಲುಗಳನ್ನು ಹಾಡಲೇ ಎನ್ನುತ್ತಾನೆ. ತಾಯಿ ಶಾಂತವಾಗಿಯೇ, ನನ್ನ ಬೀದಿಗಳಲ್ಲಿ ತುಂಬಿರುವ ಭಿಕ್ಷುಕನನ್ನೂ ಕುಷ್ಠರೋಗಿಯನ್ನೂ ಹಾಡು, ಕೊಳೆಯನ್ನು ಹಾಡು ಎನ್ನುತ್ತಾಳೆ. ಈ ಕುಷ್ಠರೋಗಿಗೆ ಇಂಗ್ಲಿಷಿನಲ್ಲಿ 'ಲೆಪರ್' ಎನ್ನುತ್ತಾರೆ. ಹುಡುಗಿಯ ನೋಟ್ಸಿನಲ್ಲಿ ಅದು 'ಲೆಪರ್ಡ್' ಆಗಿದೆ. ಭಿಕ್ಷುಕ ಮತ್ತು ಚಿರತೆ! ಗೈಡಿನಿಂದ ಕರಿಹಲಗೆಗೆ ಬರುವಾಗ ಹಾಗಾಯಿತೋ, ಕರಿಹಲಗೆಯಿಂದ ನೋಟ್‌ಬುಕ್ಕಿಗೆ ಇಳಿಯುವಾಗ ಹಾಗಾಯಿತೋ ನಾನರಿಯೆ. "ಎಲ್ಲಾರದ್ರಾಗೂ ಹಂಗ ಐತ್ರಿ ಸರ" ಎಂದಳು. ಕೆಳಗೆ ಕೆಂಪು ಶಾಯಿಯ ಸರಿ ಗುರುತು, ಸಹಿ, ದಿನಾಂಕ. ನಮ್ಮ ಹಾವೇರಿ ಜಿಲ್ಲೆಯಲ್ಲಿ ಕಬ್ಬಿನ ಗದ್ದೆಗೆ ಚಿರತೆ ಬಂತೆಂಬ ಸುದ್ದಿ ಆಗಾಗ ಕೇಳುತ್ತಲೇ ಇರುತ್ತೇವಾದ್ದರಿಂದ ಮಕ್ಕಳಿಗೂ ಇದು ತೀರ ಅಸಂಭವವೆಂದು ಅನಿಸಿರಲಾರದು.

ಚಿರತೆಯದು ಸಣ್ಣ ತಪ್ಪು, ಯಾರಿಂದಲೂ ಆಗುವಂಥದ್ದು, ಅದಕ್ಕಾಗಿ ಇಷ್ಟುದ್ದ ಬರೆಯುವ ಸಣ್ಣತನ ನನಗಿಲ್ಲ. ನನ್ನ ತಲೆ ಕೆಡಿಸಿದ್ದು ಆ ಹಾಳೆಯ ಎದುರಿನ ಪುಟ.

ಆ ಪುಟದಲ್ಲಿ ಮನೆಗೆಲಸದ ಪ್ರಶ್ನೆ ಹೀಗಿತ್ತು: ಈ ಕವಿತೆ ನಮ್ಮ ಸಮಾಜವನ್ನು ಹೇಗೆ ತೋರಿಸುತ್ತದೆ, ಎಂಟು ವಾಕ್ಯಗಳಲ್ಲಿ ಬರೆಯಿರಿ. ಒಳ್ಳೆಯ ಪ್ರಶ್ನೆ. ಅದಕ್ಕೆ ಆ ಹುಡುಗಿ ಗೈಡು ನೋಡದೆ, ನೋಟ್ಸು ನೋಡದೆ, ಯಾರನ್ನೂ ಕೇಳದೆ ತಾನೇ ಎಂಟು ವಾಕ್ಯ ಬರೆದಿದ್ದಳು. ಅವಳ ತಾಯಿ ಮೆಣಸಿನಕಾಯಿ ತುಂಬು ಬಿಡಿಸುವ ಕೂಲಿಗೆ ಹೋಗುವವಳು. ಬ್ಯಾಡಗಿಯವರಿಗೆ ಆ ಕೆಲಸವನ್ನು ವಿವರಿಸಬೇಕಾಗಿಲ್ಲ, ಹೊರಗಿನ ಗೆಳೆಯರಿಗಾಗಿ ಹೇಳುತ್ತೇನೆ: ಒಣಮೆಣಸಿನಕಾಯಿಯ ರಾಶಿಯ ಮುಂದೆ ಇಡೀ ದಿನ ಕುಳಿತು ಒಂದೊಂದೇ ಕಾಯಿಯ ತೊಟ್ಟನ್ನು ಬೆರಳಿನಿಂದ ಮುರಿದು ತೆಗೆಯಬೇಕು, ತೂಕಕ್ಕೆ ತಕ್ಕಂತೆ ಕೂಲಿ. ಹುಡುಗಿ ಬರೆದದ್ದು ಅದನ್ನೇ. ಕವಿತೆಯ ತಾಯಿ ದುಡಿಯುವ ಲಕ್ಷಾಂತರ ಜನರನ್ನು ಹಾಡು ಎನ್ನುತ್ತಾಳೆ, ನನ್ನ ಅವ್ವನೂ ಅವರಲ್ಲಿ ಒಬ್ಬಳು. ಅವ್ವನ ಕೈ ರಾತ್ರಿಯೆಲ್ಲ ಉರಿಯುತ್ತದೆ. ಕೈಗೆ ಎಣ್ಣೆ ಹಚ್ಚಿಕೊಂಡು ಮಲಗುತ್ತಾಳೆ. ತಮ್ಮ ಅತ್ತರೆ ಅವನ ಕಣ್ಣು ಒರೆಸಲು ನನ್ನನ್ನು ಕರೆಯುತ್ತಾಳೆ, ಏಕೆಂದರೆ ತನ್ನ ಕೈ ತಾಗಿಸಿದರೆ ಅವನ ಕಣ್ಣು ಉರಿಯುತ್ತದೆ.

ಈ ಕೊನೆಯ ವಾಕ್ಯವನ್ನು ಅವಳು ಬರೆದ ಇಂಗ್ಲಿಷಿನಲ್ಲಿ ಓದಿದಾಗ ವ್ಯಾಕರಣ ನನಗೆ ಕಾಣಿಸಲೇ ಇಲ್ಲ. ಮೂವತ್ತೊಂದು ವರ್ಷ ಪಿಯು ಕಾಲೇಜಿನಲ್ಲಿ ಕನ್ನಡ ಕಲಿಸಿದವನು ನಾನು. ನನ್ನ ವಿದ್ಯಾರ್ಥಿಗಳಿಂದ ಇಂಥ ವಾಕ್ಯಗಳು ಎಷ್ಟು ಬಂದಿವೆ ಎಂದು ಎಣಿಸಿದರೆ ಒಂದು ಕೈಯ ಬೆರಳುಗಳೂ ಹೆಚ್ಚಾಗುತ್ತವೆ.

ಆ ಎಂಟು ವಾಕ್ಯಗಳ ಮೇಲೆ ಎಡ ಮೂಲೆಯಿಂದ ಬಲ ಮೂಲೆಗೆ ಒಂದೇ ಗೆರೆ ಎಳೆದು 'ರೈಟ್ ಫ್ರಮ್ ನೋಟ್ಸ್' ಎಂದು ಕೆಂಪು ಶಾಯಿಯಲ್ಲಿ ಬರೆಯಲಾಗಿತ್ತು.

ಈಗ ಹೇಳಿ. ಇಡೀ ಕವಿತೆ ನಿಂತಿರುವುದೇ ತಾಯಿ ಅಂದದ ಹಾಡನ್ನು ಬೇಡವೆನ್ನುವುದರ ಮೇಲೆ. ಬಂಡೆಯಲ್ಲಿ ಕೊರೆದ ಗುಡಿಗಳನ್ನು ಹಾಡಲೇ ಎಂದು ಕವಿ ಎರಡನೆಯ ಸಲ ಕೇಳಿದಾಗ ಅವಳು ಸಿಟ್ಟಿಗೇಳುತ್ತಾಳೆ. ದುಡಿಯುವವರನ್ನು ಹಾಡು, ಕತ್ತಲ ಮನೆಯಲ್ಲಿ ಹುಟ್ಟಿದ ಅಸಹಾಯಕ ಮಗುವನ್ನು ಹಾಡು ಎನ್ನುತ್ತಾಳೆ. ಹಾಗಿದ್ದರೆ ಅಣೆಕಟ್ಟು, ಉಕ್ಕಿನ ಕಾರ್ಖಾನೆ, ಅಣುಯುಗ ಎಂದು ಕವಿ ಮೂರನೆಯ ಸಲ ಕೇಳಿದರೆ, ಅವನ್ನು ಬೇಕಾದರೆ ಹಾಡು, ಆದರೆ ಮುಷ್ಕರಗಳನ್ನೂ ಜೊತೆಗೆ ಹಾಡು ಎನ್ನುತ್ತಾಳೆ. ತನ್ನ ಬೀದಿಯನ್ನು ಬಿಟ್ಟು ಬರೀ ಅಂದವನ್ನು ಹಾಡಿದರೆ ಒಪ್ಪದ ತಾಯಿ ಅವಳು. ಆ ತಾಯಿಯ ಮಾತನ್ನು ಅಕ್ಷರಶಃ ಪಾಲಿಸಿದ್ದು ಬ್ಯಾಡಗಿಯ ಹದಿನೈದು ವರ್ಷದ ಹುಡುಗಿ. ಅವಳಿಗೆ ಸಿಕ್ಕಿದ್ದು ಕೆಂಪು ಗೆರೆ. ಚಿರತೆಗೆ ಸಿಕ್ಕಿದ್ದು ಸರಿ ಗುರುತು.

ಮುಷ್ಕರದ ಸಾಲಿಗೂ ಅವಳ ಬಳಿ ಸ್ವಂತದ ಮಾತಿತ್ತು. 2024ರ ಮಾರ್ಚ್ 11ರಂದು ಮೆಣಸಿನಕಾಯಿ ದರ ಕುಸಿದದ್ದಕ್ಕೆ ರೊಚ್ಚಿಗೆದ್ದ ರೈತರು ಇಲ್ಲಿಯ ಎಪಿಎಂಸಿ ಕಚೇರಿಗೆ ನುಗ್ಗಿದ್ದು, ವಾಹನಗಳಿಗೆ ಬೆಂಕಿ ಬಿದ್ದದ್ದು ನಿಮಗೆ ನೆನಪಿರಬಹುದು. ಆಗ ಎಂಟನೆಯ ತರಗತಿಯಲ್ಲಿದ್ದ ಈ ಹುಡುಗಿ ಮಾಳಿಗೆಯ ಮೇಲೆ ನಿಂತು ಹೊಗೆ ನೋಡಿದ್ದಾಳೆ. ಆ ಸಂಜೆ ಅವಳ ತಾಯಿ ಕೂಲಿ ಇಸಿದುಕೊಳ್ಳದೆ ಮನೆಗೆ ಓಡಿ ಬಂದಿದ್ದಳು. ಏಳನೆಯ ವಾಕ್ಯದಲ್ಲಿ ಅದೂ ಇತ್ತು. ಅದರ ಮೇಲೂ ಗೆರೆ ಹಾಯ್ದಿತ್ತು.

ಇನ್ನು ಗೋಕಾಕರು. ಅವರು 1909ರಲ್ಲಿ ಹುಟ್ಟಿದ್ದು ಇದೇ ಜಿಲ್ಲೆಯ ಸವಣೂರಿನಲ್ಲಿ. ಇಂಗ್ಲಿಷ್ ಪ್ರಾಧ್ಯಾಪಕರು, ಆಕ್ಸ್‌ಫರ್ಡಿನಲ್ಲಿ ಓದಿದವರು, 'ವಿನಾಯಕ' ಎಂಬ ಹೆಸರಿನಲ್ಲಿ ಕನ್ನಡದಲ್ಲಿ ಬರೆದು ಜ್ಞಾನಪೀಠ ಪಡೆದವರು. ಶಾಲೆಯಲ್ಲಿ ಕನ್ನಡವೇ ಪ್ರಥಮ ಭಾಷೆಯಾಗಬೇಕೆಂದು ವರದಿ ಕೊಟ್ಟವರು ಇದೇ ಇಂಗ್ಲಿಷ್ ಮೇಷ್ಟರು. ಆ ವರದಿಗಾಗಿ 1982ರಲ್ಲಿ ರಾಜಕುಮಾರ್ ಬೀದಿಗಿಳಿದಾಗ ನಾನು ಹಾವೇರಿಯಲ್ಲಿ ಘೋಷಣೆ ಕೂಗಿ ಗಂಟಲು ಕಟ್ಟಿಸಿಕೊಂಡವನು, ಹಳೆಯ ಗೆಳೆಯರಿಗೆ ಗೊತ್ತು. ಆ ಕವಿಯ ಪಾಠ ನಡೆಯುವಾಗ ಅವರು ನಮ್ಮ ಜಿಲ್ಲೆಯವರೆಂಬುದನ್ನು ತರಗತಿಯಲ್ಲಿ ಯಾರೂ ಹೇಳಿಲ್ಲ. ಹುಡುಗಿಗೆ ನಿನ್ನೆಯೇ ಗೊತ್ತಾದದ್ದು. "ಸವಣೂರ ಖಾರದ ಸವಣೂರೇನ್ರೀ?" ಎಂದು ಬೆರಗಿನಿಂದ ಕೇಳಿದಳು. ಹೌದವ್ವಾ, ಖಾರದ ಸವಣೂರೇ, ವೀಳ್ಯದೆಲೆಯ ಸವಣೂರೇ, ದೊಡ್ಡ ಹುಣಸೆಮರಗಳ ಸವಣೂರೇ. 2010ರ ಜುಲೈಯಲ್ಲಿ ಮಲ ಹೊರುವ ಸಮುದಾಯದವರು ಮೈಮೇಲೆ ಮಲ ಸುರಿದುಕೊಂಡು ತಮ್ಮ ಸಂಕಟವನ್ನು ಊರಿನ ಮುಂದಿಟ್ಟದ್ದೂ ಅದೇ ಸವಣೂರಿನಲ್ಲಿ, ಮಲ ಹೊರುವ ಪದ್ಧತಿಯನ್ನು ನಿಷೇಧಿಸಿ 1993ರಲ್ಲೇ ಕಾಯ್ದೆ ಬಂದಿದ್ದರೂ. ಕೊಳೆಯನ್ನು ಹಾಡು ಎಂದು ತಾಯಿ ಹೇಳುವ ಸಾಲನ್ನು ನಮ್ಮ ಜಿಲ್ಲೆಯ ಮಕ್ಕಳಿಗೆ ಕಲಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ಬೇಕೆ? ಆದರೆ ನೋಟ್ಸಿನಲ್ಲಿ 'ಕವಿಯು ಭಾರತದ ಹಿರಿಮೆಯನ್ನು ಸೊಗಸಾಗಿ ಬಣ್ಣಿಸಿದ್ದಾನೆ' ಎಂಬ ಅರ್ಥದ ಸಾಲೊಂದಿದೆ. ಬಣ್ಣಿಸಲು ಹೊರಟವನನ್ನು ತಾಯಿ ಮೂರು ಸಲ ತಡೆಯುತ್ತಾಳೆ ಮಹಾರಾಯರೇ! ಅಷ್ಟನ್ನಾದರೂ ಓದಬಾರದೆ?

ಇದಕ್ಕೆ ಏನು ಕಾಮೆಂಟು ಬರುತ್ತದೆಂದು ನನಗೆ ಈಗಲೇ ಗೊತ್ತು, ಏಕೆಂದರೆ ನನ್ನ ಗೆಳೆಯರ ಪಟ್ಟಿಯಲ್ಲಿ ಅರ್ಧ ಜನ ಹೈಸ್ಕೂಲು ಶಿಕ್ಷಕರೇ ಇದ್ದಾರೆ. 'ಸರ್, ನೀವು ನಿವೃತ್ತರಾಗಿ ಕಟ್ಟೆಯ ಮೇಲೆ ಕುಳಿತು ಬರೆಯುತ್ತೀರಿ, ನಮ್ಮ ಪಾಡು ನಮಗೆ ಗೊತ್ತು' ಎನ್ನುತ್ತೀರಿ. ಒಪ್ಪಿದೆ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಎಂಬ ಕ್ಯಾಮೆರಾ ಕಣ್ಗಾವಲು ಬಂದ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಹಿಂದಿನ ವರ್ಷದ ಶೇ 83.89ರಿಂದ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಕೊಟ್ಟ ಮೇಲೆ. ಫಲಿತಾಂಶ ಬಿದ್ದರೆ ಮೇಲಿನಿಂದ ಕೆಳಗಿನವರೆಗೆ ಎಲ್ಲರೂ ಬೆರಳು ತೋರಿಸುವುದು ವಿಷಯ ಶಿಕ್ಷಕರ ಕಡೆಗೇ. ಅದಕ್ಕಾಗಿ ಪಾಸಾಗಲು ಬೇಕಾದಷ್ಟೇ ಪ್ರಶ್ನೋತ್ತರಗಳ ಪಾಸಿಂಗ್ ಪ್ಯಾಕೇಜು, ಅದಕ್ಕಾಗಿ ಬೆಳಿಗ್ಗೆ ಸಂಜೆ ವಿಶೇಷ ತರಗತಿ, ಅದಕ್ಕಾಗಿ ಬಾಯಿಪಾಠ. ಇಂಗ್ಲಿಷಿನಲ್ಲಿ ಒಂದು ವಾಕ್ಯವನ್ನೂ ಸ್ವಂತವಾಗಿ ಕಟ್ಟಲಾಗದ ಮಗುವಿನ ಕೈಗೆ ನೋಟ್ಸ್ ಎಂಬ ಊರುಗೋಲು ಕೊಡಬೇಡಿ ಎಂದು ನಾನು ಹೇಳುವುದಿಲ್ಲ. ಆದರೆ ಕುಂಟುವವನಿಗೆ ಊರುಗೋಲು ಕೊಡುವುದು ಬೇರೆ, ನಡೆಯುವವಳ ಕಾಲಿಗೆ ಅದನ್ನು ಅಡ್ಡ ಹಾಕುವುದು ಬೇರೆ. ಈ ಹುಡುಗಿ ಬರೆದಿದ್ದಳು. ಬರೆದವಳಿಗೆ ಬರೆಯಬೇಡ ಎನ್ನಲು ಯಾವ ಫಲಿತಾಂಶದ ಒತ್ತಡ ಬೇಕಾಗಿತ್ತು?

ವ್ಯಾಕರಣ ತಪ್ಪಿತ್ತಲ್ಲ ಎನ್ನುವವರೂ ಇದ್ದೀರಿ. ತಪ್ಪಿತ್ತು. 'ಮೈ ಮದರ್ ಹ್ಯಾಂಡ್ ಈಸ್ ಆಲ್ ನೈಟ್ ಬರ್ನಿಂಗ್' ಎಂದು ಬರೆದಿದ್ದಳು. ಎರಡು ಕಡೆ ತಿದ್ದಿದರೆ ಆ ವಾಕ್ಯ ಸರಿಹೋಗುತ್ತದೆ. ಅರ್ಧ ನಿಮಿಷದ ಕೆಲಸ. ಆ ಅರ್ಧ ನಿಮಿಷದಲ್ಲಿ ಅವಳು ಕಲಿಯುತ್ತಿದ್ದ ಇಂಗ್ಲಿಷು ಗೈಡಿನ ನೂರು ಪುಟ ನಕಲು ಮಾಡಿದರೂ ಬರುವುದಿಲ್ಲ. ತನ್ನ ತಾಯಿಯ ಕೈಯ ಬಗ್ಗೆ ಬರೆದ ವಾಕ್ಯವನ್ನು ಸರಿಯಾಗಿ ಹೇಗೆ ಬರೆಯಬೇಕೆಂದು ತೋರಿಸಿದರೆ ಆ ಮಗು ಅದನ್ನು ಸಾಯುವವರೆಗೆ ಮರೆಯಲಾರಳು.

ಇಷ್ಟೆಲ್ಲ ಆವೇಶದಿಂದ ಬರೆಯುತ್ತಿರುವ ನಾನೇನು ಸಾಚಾ ಅಲ್ಲ. ಇದನ್ನು ಇಲ್ಲಿ ಬರೆಯಬೇಕೋ ಬೇಡವೋ ಎಂದು ಯೋಚಿಸಿ ಎರಡು ಸಲ ಅಳಿಸಿದ್ದೇನೆ. ವರ್ಷಗಳ ಹಿಂದೆ ದ್ವಿತೀಯ ಪಿಯು ಮೌಲ್ಯಮಾಪನಕ್ಕೆ ಹೋಗಿದ್ದೆ. ದುಡಿಮೆಯ ಬಗೆಗಿನ ಒಂದು ಪದ್ಯದ ಮೇಲೆ ನಾಲ್ಕು ಅಂಕದ ಪ್ರಶ್ನೆ ಇತ್ತು. ಒಬ್ಬ ಹುಡುಗ ಪದ್ಯವನ್ನು ಎರಡು ಸಾಲಿನಲ್ಲಿ ಮುಗಿಸಿ, ಆಮೇಲೆ 'ನಮ್ಮಪ್ಪ ಗೌಂಡಿ ಕೆಲಸಕ್ಕೆ ಹೋಗುತ್ತಾನೆ, ಅವನು ಕಟ್ಟಿದ ಯಾವ ಮನೆಯೊಳಗೂ ನಾನು ಕಾಲಿಟ್ಟಿಲ್ಲ' ಎಂದು ಬರೆದಿದ್ದ. ಮಾದರಿ ಉತ್ತರದಲ್ಲಿ ಗೌಂಡಿಯ ಮಗ ಇರಲಿಲ್ಲ. ಮೇಜಿನ ಮೇಲೆ ಆ ದಿನದ ಕಟ್ಟು ಇನ್ನೂ ಮುಗಿದಿರಲಿಲ್ಲ, ಊಟದ ಗಂಟೆ ಹೊಡೆದಿತ್ತು. ನಾಲ್ಕಕ್ಕೆ ಒಂದು ಅಂಕ ಕೊಟ್ಟು ಪುಟ ತಿರುವಿದೆ. ಆ ಹುಡುಗ ಯಾರೋ, ಯಾವ ಊರಿನವನೋ, ಹೆಸರಿಲ್ಲದ ಉತ್ತರಪತ್ರಿಕೆ. ಅವನ ದುಂಡು ಅಕ್ಷರ ಮಾತ್ರ ಇವತ್ತಿಗೂ ಕಣ್ಣ ಮುಂದಿದೆ. ನಿನ್ನೆ ಆ ಕೆಂಪು ಗೆರೆಯನ್ನು ಕಂಡಾಗ ನನಗೆ ಬಂದ ಸಿಟ್ಟಿನಲ್ಲಿ ಒಂದಿಷ್ಟು ಪಾಲು ನನ್ನ ಮೇಲಿನದೇ ಎಂದು ಈಗ ಬರೆಯುವಾಗ ಅನಿಸುತ್ತಿದೆ.

ಆದರೂ ಕೇಳುತ್ತೇನೆ: ಸಮಾಜವನ್ನು ಕವಿತೆ ಹೇಗೆ ತೋರಿಸುತ್ತದೆ ಎಂದು ಮಗುವನ್ನು ಕೇಳಿ, ಮಗು ತನ್ನ ಸಮಾಜವನ್ನು ತೋರಿಸಿದ ಕೂಡಲೇ ಅದು ಬೇಡ, ಗೈಡಿನ ಸಮಾಜವನ್ನು ತೋರಿಸು ಎನ್ನುವುದಾದರೆ ಆ ಪ್ರಶ್ನೆಯನ್ನು ಕೇಳುವುದಾದರೂ ಏಕೆ? 'ನೋಟ್ಸ್ ನಕಲು ಮಾಡಿ' ಎಂದೇ ಮನೆಗೆಲಸ ಕೊಡಬಹುದಲ್ಲ? ಅದಾದರೂ ಪ್ರಾಮಾಣಿಕ.

ನಿನ್ನೆ ನಾನು ಅವಳ ಎಂಟು ವಾಕ್ಯಗಳನ್ನು ಪೆನ್ಸಿಲಿನಿಂದ ತಿದ್ದಿಕೊಟ್ಟೆ. ಅವಳು ಅದನ್ನು ನೋಟ್‌ಬುಕ್ಕಿನ ಕಟ್ಟಕಡೆಯ ಪುಟದಲ್ಲಿ, ಯಾರೂ ನೋಡದ ಜಾಗದಲ್ಲಿ ನೀಟಾಗಿ ಬರೆದುಕೊಂಡಳು. ಕೆಂಪು ಗೆರೆಯ ಪುಟದ ಮುಂದಿನ ಪುಟದಲ್ಲಿ ನೋಟ್ಸಿನ ಉತ್ತರವನ್ನು ಯಥಾವತ್ತಾಗಿ ಇಳಿಸಿದಳು, ಸೋಮವಾರ ಸಹಿಯಾಗಬೇಕಲ್ಲ. ಅಲ್ಲಿಯೂ ಚಿರತೆ ಬಂತು. ಕನಿಷ್ಠ ಅದನ್ನಾದರೂ ತಿದ್ದವ್ವಾ, ನಾನೇ ಹೇಳಿದೆನೆಂದು ಹೇಳು ಎಂದೆ. ಅವಳು ಪೆನ್ನು ಮುಚ್ಚಿ ಒಂದು ಕ್ಷಣ ಯೋಚಿಸಿದಳು.

"ಬ್ಯಾಡ್ರಿ ಸರ. ಪರೀಕ್ಷಾದ್ದು ಬ್ಯಾರೆ ಊರಾಗ ತಿದ್ದತಾರಲ್ರೀ, ಅಲ್ಲಿ ಸರಿಯಾಗಿ ಬರೀತೀನಿ. ಇಲ್ಲಿ ಚಿರತಿ ಇರ್ಲಿ ಬಿಡ್ರಿ."